ಜೂನ್ ಒಂದರ ಮಕ್ಕಳು

ನರ್ಸಬಾಯಿಯ ಗಡಿಯಾರ ಕೈಯಲ್ಲಿರುತ್ತಿರಲಿಲ್ಲ. ಎಡ ಭುಜದ ಕೆಳಗೆ, ಸೆರಗಿಗೆ ಚುಚ್ಚಿದ ಪಿನ್ನಿನಿಂದ ಅದು ತಲೆಕೆಳಗಾಗಿ ಜೋತುಬಿದ್ದಿರುತ್ತಿತ್ತು. ಎದುರಿಗೆ ನಿಂತವರಿಗೆ ಹನ್ನೆರಡು ಕೆಳಗೆ, ಆರು ಮೇಲೆ. ಅವರು ಗದ್ದ ಇಳಿಸಿ ನೋಡಿಕೊಂಡರೆ ಮಾತ್ರ ಸರಿಯಾದ ವೇಳೆ. ಅದು ಕೆಟ್ಟುಹೋದ ಗಡಿಯಾರ ಎಂದೇ ಚಿಕ್ಕಂದಿನಲ್ಲಿ ನಾನು ತಿಳಿದಿದ್ದೆ. ಒಮ್ಮೆ ಕೇಳಿಯೂ ಬಿಟ್ಟೆ. "ಎರಡೂ ಕೈ ಕೂಸಿನ ಕೆಲಸಕ್ಕ ಬೇಕಪಾ. ಕೈಗೆ ಕಟ್ಟಿಕೊಂಡ್ರ ನೋಡೂದು ಹೆಂಗ?" ಎಂದು ನಕ್ಕಿದ್ದರು. ಕೂಸು ಹೊರಗೆ ಬಂದ ಕೂಡಲೇ ಅವರು ಮೊದಲು ಗಡಿಯಾರ ನೋಡುತ್ತಿದ್ದರಂತೆ, ಆಮೇಲೆ ಕೂಸಿನ ಮುಖ. "ಮಾರಿ ಮೊದಲ ನೋಡಿದ್ರ ಗಂಟಿ ನೋಡೂದು ಮರತ ಹೋಗ್ತೈತಿ" ಎನ್ನುತ್ತಿದ್ದರು.

ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಮೂವತ್ತು ಚಿಲ್ಲರೆ ವರ್ಷ ಅವರು ಬರೆದಿಟ್ಟದ್ದನ್ನೆಲ್ಲ ಒಂದು ಮಧ್ಯಾಹ್ನ ಅಳಿಸಿದವನು ನಾನು. ಬೇರೆ ಯಾರೂ ಬರೆಯುವುದಿಲ್ಲವೆಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಜಾಂಬೋಟಿಯಿಂದ ಕಾಡಿನೊಳಗೆ ಎರಡು ತಾಸು ನಡೆದರೆ ಸಿಗುವ ಒಂದು ವಾಡಾದಲ್ಲಿ. ಎಮ್ಮೆ ಸಾಕಿಕೊಂಡಿದ್ದ ಹದಿನಾಲ್ಕು ಮನೆಗಳು. ಮಳೆಗಾಲದಲ್ಲಿ ನಡುವಿನ ಹಳ್ಳ ತುಂಬಿತೆಂದರೆ ನಮ್ಮದೇ ಒಂದು ದೇಶ. ಸರಕಾರದ ಕಡೆಯಿಂದ ಅಲ್ಲಿಗೆ ಬರುತ್ತಿದ್ದವರು ಎರಡೇ ಬಗೆಯ ಜನ. ಓಟಿನ ಪೆಟ್ಟಿಗೆಯವರು ಐದು ವರ್ಷಕ್ಕೊಮ್ಮೆ, ನರ್ಸಬಾಯಿ ವಾರಕ್ಕೊಮ್ಮೆ. ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹೊದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲಿನವರೆಗೆ ಇಂಬಳ ಹತ್ತಿಸಿಕೊಂಡು ಬರುತ್ತಿದ್ದರು. ಬಂದವರೇ ಒಲೆಯ ಮುಂದೆ ಕೂತು ಒಂದೊಂದೇ ಇಂಬಳಕ್ಕೆ ಉಪ್ಪು ಹಾಕುತ್ತ, "ಇವಕ್ಕ ನನ್ನ ರಕ್ತ ಅಂದ್ರ ಪೇಢೆ ಇದ್ದಂಗ ನೋಡ್ರಿ" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ಅವರ ಕೈಯಲ್ಲಿ ನಮ್ಮ ವಾಡಾದ ಎರಡು ತಲೆಮಾರು ಹುಟ್ಟಿದೆ. ನನ್ನ ತಾಯಿ, ನಾವು ಆಯಿ ಎನ್ನುತ್ತೇವೆ, ಅವರ ಹೆಸರೆತ್ತಿದರೆ ಈಗಲೂ ಕೈಮುಗಿಯುತ್ತಾಳೆ.

ಶಾಲೆಗೆ ಹೆಸರು ಹಚ್ಚುವಾಗ ಹೆಡ್‌ಮಾಸ್ತರರು ಆಯಿಯನ್ನು ಕೇಳಿದರಂತೆ, "ಯಾವಾಗ ಹುಟ್ಟ್ಯಾನ ಇಂವಾ?"

"ನಮ್ಮ ದೊಡ್ಡ ಎಮ್ಮೀನ ಹುಲಿ ಒಯ್ತಲ್ರಿ, ಅದರ ಮುಂದಿನ ಮಳಿಗಾಲದಾಗರಿ."

ಹುಲಿ ಎಮ್ಮೆ ಒಯ್ದ ವರ್ಷವನ್ನು ಮಾಸ್ತರರು ಎಲ್ಲಿ ಹುಡುಕಬೇಕು? ಜೂನ್ ಒಂದು ಎಂದು ಬರೆದುಕೊಂಡರು. ನನ್ನ ಅಣ್ಣನೂ ಜೂನ್ ಒಂದು, ತಂಗಿಯೂ ಜೂನ್ ಒಂದು. ವಾಡಾದ ಅಷ್ಟೂ ಮಕ್ಕಳು ಆ ಒಂದೇ ದಿನ, ಬೇರೆ ಬೇರೆ ವರ್ಷ, ಸಾಲಾಗಿ ಹುಟ್ಟಿದವರು. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಕೂಡಿಬರಲಿ ಎಂದು ಮಾಸ್ತರರು ಕಂಡುಕೊಂಡ ಉಪಾಯ ಅದು. ಈಗಲೂ ಪ್ರತಿ ಜೂನ್ ಒಂದಕ್ಕೆ ಬ್ಯಾಂಕಿನಿಂದ ಫೋನಿಗೆ ಶುಭಾಶಯ ಬರುತ್ತದೆ. ನಾನು ಅದನ್ನು ಓದದೆ ಅಳಿಸುತ್ತೇನೆ. ಅಳಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಖರೇ ತಾರೀಖುಗಳು ಇದ್ದದ್ದು ನರ್ಸಬಾಯಿಯ ಹತ್ತಿರ. ಇಲಾಖೆಯ ರಿಜಿಸ್ಟರು ಬೇರೆ, ಅದು ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಇವರು ತಮ್ಮದೇ ನೋಟುಬುಕ್ಕುಗಳಲ್ಲಿ ಪ್ರತಿ ಹೆರಿಗೆಯನ್ನೂ ಬರೆದಿಟ್ಟಿದ್ದರು. ತಾಯಿಯ ಹೆಸರು, ತಾರೀಖು, ಗಂಟೆ, ನಿಮಿಷ, ತೂಕ, ಆಮೇಲೆ ಒಂದೆರಡು ಮಾತು. "ಹಳ್ಳ ತುಂಬಿತ್ತು, ಹಗ್ಗ ಹಿಡಿದು ದಾಟಿದೆ. ಹೆಣ್ಣು." "ಅಳಲಿಲ್ಲ. ಬೆನ್ನಿಗೆ ಎರಡು ಬಡಿದೆ, ಅತ್ತ." ಹೀಗೆ. ಒಂದು ಮೇ ಮೂವತ್ತೊಂದಕ್ಕೆ ನಿವೃತ್ತರಾಗಿ ಬೆಳಗಾವಿಗೆ ಬಂದು ಟಿಳಕವಾಡಿಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದರು. ಮದುವೆಯಾಗಿರಲಿಲ್ಲ, ಅದರ ಬಗ್ಗೆ ಬೇಸರವಿದ್ದಂತೆಯೂ ಕಾಣಲಿಲ್ಲ. ಟ್ರಂಕು ಬಿಚ್ಚಿದರೆ ಜಾಂಬೋಟಿಯ ಮಳೆ ನೋಟುಬುಕ್ಕುಗಳನ್ನು ಅರ್ಧ ತಿಂದಿತ್ತು, ಉಳಿದದ್ದಕ್ಕೆ ಗೆದ್ದಲು ಹತ್ತಿತ್ತು. ಅರವತ್ತರ ಹೆಂಗಸು ಟೈಪಿಂಗ್ ಕ್ಲಾಸಿಗೆ ಸೇರಿ, ಒಂದು ಹಳೆಯ ಕಂಪ್ಯೂಟರು ತಂದಿಟ್ಟುಕೊಂಡು, ಅಂಟಿಕೊಂಡ ಹಾಳೆಗಳನ್ನು ಚಾಕುವಿನಿಂದ ಬಿಡಿಸುತ್ತ ಮೂರು ವರ್ಷ ಕೂತು ಎಲ್ಲವನ್ನೂ ಕನ್ನಡದಲ್ಲಿ ಟೈಪು ಮಾಡಿದರು. ಟೈಪಾದ ಹಾಳೆ ಕೈಯಲ್ಲೇ ಪುಡಿಯಾಗುತ್ತಿತ್ತು. ಬಚ್ಚಲ ಒಲೆಗೆ ಹಾಕಿಬಿಡುತ್ತಿದ್ದರು. "ಕೂಸು ಹೊರಗ ಬಂದಮ್ಯಾಲೆ ಹೊಕ್ಕಳಬಳ್ಳಿ ಇಟ್ಕೊಂಡು ಏನ ಮಾಡೂದು?" ಎನ್ನುವುದು ಅವರ ಮಾತು.

ನಾನು ಅಷ್ಟೊತ್ತಿಗೆ ಓದಿ, ಬೆಳಗಾವಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನೌಕರಿ ಹಿಡಿದು, ಶಹಾಪುರದಲ್ಲಿ ಕೋಣೆ ಮಾಡಿಕೊಂಡಿದ್ದೆ. ರವಿವಾರ ಅವರ ಮನೆಗೆ ಹೋಗುತ್ತಿದ್ದೆ. ಯಾವಾಗ ಹೋದರೂ ಖಾನಾಪುರ ಕಡೆಯವರು ಒಬ್ಬರಾದರೂ ಕೂತಿರುತ್ತಿದ್ದರು. ಒಬ್ಬನಿಗೆ ಸೈನ್ಯಕ್ಕೆ ಸೇರಲು ವಯಸ್ಸು ಬೇಕು, ಇನ್ನೊಬ್ಬಳಿಗೆ ಮಗಳ ಜಾತಕ ಬರೆಸಬೇಕು. ನರ್ಸಬಾಯಿಯವರು ಕಂಪ್ಯೂಟರಿನಲ್ಲಿ ಆ ಪಟ್ಟಿ ತೆರೆದು ಹುಡುಕಿ, ಬಂದವರ ಒಂದು ಹಾಳೆಯನ್ನಷ್ಟೇ ಪ್ರಿಂಟು ತೆಗೆದು, ಸಹಿ ಮಾಡಿ ಕೊಡುತ್ತಿದ್ದರು. ಆ ಹಾಳೆ ಹಿಡಿದವರ ಮುಖ ನೋಡಬೇಕಿತ್ತು. ತಾವು ನಿಜವಾಗಿಯೂ ಒಂದು ದಿನ, ಒಂದು ನಿಮಿಷಕ್ಕೆ ಹುಟ್ಟಿದ್ದೇವೆ ಎಂದು ಅವರಿಗೆ ಅಲ್ಲಿ ಗೊತ್ತಾಗುತ್ತಿತ್ತು.

ನನ್ನದನ್ನು ಮಾತ್ರ ಕೊಟ್ಟಿರಲಿಲ್ಲ. "ನಿಂದು ನಿನ್ನ ಲಗ್ನದಾಗ ಆಹೇರಿ ಮಾಡ್ತೇನಿ. ಮೊದಲ ಹುಡುಗಿ ನೋಡ್ಕೋ" ಎಂದು ಕಾಡುತ್ತಿದ್ದರು. ನಾನೂ ಒತ್ತಾಯ ಮಾಡಲಿಲ್ಲ. ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ.

ಅವರ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇದ್ದವು. ಪಟ್ಟಿ ಟೈಪು ಮಾಡಿದ ಹಳೆಯದು ಒಂದು. ಯಾವುದೋ ಅಂಗಡಿಯವನು ಅದರ ಪಕ್ಕದಲ್ಲೇ ಹಾಕಿಕೊಟ್ಟ ಹೊಸದು ಇನ್ನೊಂದು. ಒಂದು ಮನೆಗೆ ನಡುವೆ ಗೋಡೆ ಎತ್ತಿದ ಹಾಗೆ ಹಾರ್ಡ್ ಡಿಸ್ಕನ್ನು ಪಾಲು ಮಾಡಿ ಎರಡನ್ನೂ ಕೂರಿಸಿದ್ದ. ಶುರು ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಬಂದು, ಯಾವುದು ಬೇಕು ಎಂದು ಅರ್ಧ ನಿಮಿಷ ಕಾಯುತ್ತಿತ್ತು. ಬಾಯಿಯವರು, "ಇದಕ್ಕೂ ಇಬ್ಬರು ಹೇಣ್ತ್ಯಾರು ನೋಡು, ದಿನಾ ಕೇಳೇ ಒಳಗ ಹೋಗ್ತೈತಿ" ಎಂದು ನಕ್ಕು ಬೇಕಾದ ಸಾಲನ್ನು ಒತ್ತುತ್ತಿದ್ದರು. ಪತ್ರ, ಬಿಲ್ಲು, ಫೋಟೋ ಹೊಸದರಲ್ಲಿ. ಪಟ್ಟಿ ಹಳೆಯದರಲ್ಲಿ. ಇದನ್ನು ನಾನು ಹತ್ತಾರು ಸಲ ಕಣ್ಣಾರೆ ನೋಡಿದ್ದೆ, ಲಕ್ಷ್ಯ ಮಾತ್ರ ಕೊಟ್ಟಿರಲಿಲ್ಲ. ಇನ್ನೊಂದು ಕಡೆ ನಕಲು ಇಟ್ಟುಕೊಳ್ಳಿ ಎಂದು ಹೇಳಬೇಕಾದವನೂ ನಾನೇ. ಅದನ್ನೂ ಹೇಳಲಿಲ್ಲ.

ಹೋದ ವರ್ಷ ದೀಪಾವಳಿ ರಜೆಯಲ್ಲಿ ನಮ್ಮ ವಾಡಾದ ಒಬ್ಬ ಹುಡುಗಿ ಒಬ್ಬಳೇ ಬಸ್ಸು ಹತ್ತಿ ಟಿಳಕವಾಡಿಗೆ ಬಂದಳು. ನಡುವೆ ಒಂದು ವರ್ಷ ಶಾಲೆ ತಪ್ಪಿದ್ದವಳು, ಖಾನಾಪುರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ಹದಿನೈದು ದಿನಕ್ಕೆ ಅವಳ ಮದುವೆ ಗೊತ್ತಾಗಿತ್ತು. ನಾಲ್ಕು ವರ್ಷದವಳಿದ್ದಾಗ ಅಣ್ಣನ ಹಿಂದೆ ಶಾಲೆಗೆ ಹೋಗಿ ಕೂತವಳು ಅವಳು. ಮಾಸ್ತರರು ಮಕ್ಕಳ ಸಂಖ್ಯೆ ತುಂಬಲೆಂದು ಆರು ವರ್ಷ ಬರೆದುಕೊಂಡಿದ್ದರು, ಜೂನ್ ಒಂದು. ಕಾಗದದಲ್ಲಿ ಹದಿನೆಂಟು ತುಂಬಿತ್ತು. ಖರೇ ಹದಿನಾರು.

"ಬಾಯಾರ, ನಾ ಯಾವಾಗ ಹುಟ್ಟೇನಂತ ಬರದ ಕೊಡ್ರಿ. ನಾ ಇನ್ನೂ ಸಾಲಿ ಕಲೀಬೇಕ್ರಿ" ಎಂದಳಂತೆ.

ಬಾಯಿಯವರು ಕಂಪ್ಯೂಟರು ಹಚ್ಚಿದರು. ಅದು ತಾಸುಗಟ್ಟಲೆ ಗುರುಗುಟ್ಟಿ ನಿಂತುಬಿಟ್ಟಿತು. ಹುಡುಗಿಗೆ ಕೊನೆಯ ಬಸ್ಸು ತಪ್ಪುತ್ತಿತ್ತು. ಅವಳನ್ನು ಕಳಿಸಿ ನನಗೆ ಫೋನು ಮಾಡಿದರು. "ತಮ್ಮಾ, ಒಂದ ಹಾಳಿ ತಗೀಬೇಕಾಗೈತಿ, ಇದು ಏಳವಲ್ದು. ನಾಳೆ ಬಂದು ಸುದ್ದ ಮಾಡು. ನಾ ಖಾನಾಪುರಕ್ಕ ಹೋಗಿ, ಸಣ್ಣ ಹುಡುಗ್ಯಾರ ಲಗ್ನಾ ತಡಿಯೂ ಸಾಹೇಬರಿಗೆ ಹೇಳಿ ಬರ್ತೇನಿ. ಕೀಲಿ ಬಾಜೂ ಮನ್ಯಾಗ ಐತಿ."

ಮಾರನೆಯ ದಿನ ಹೋದೆ. ಡಿಸ್ಕು ತುಂಬಿ ತುಳುಕುತ್ತಿತ್ತು. ಹೊಸ ಸಿಸ್ಟಮಿಗೆ ಉಸಿರಾಡಲು ಜಾಗವಿಲ್ಲ, ಪಕ್ಕದಲ್ಲಿ ಯಾವ ಕಾಲದ್ದೋ ಹಳೆಯದು ಕಾಲು ಚಾಚಿ ಮಲಗಿದೆ. ಲ್ಯಾಬಿನಲ್ಲಿ ಇಂಥ ನೂರು ಮಷಿನುಗಳನ್ನು ಸ್ವಚ್ಛ ಮಾಡಿದ ಸೊಕ್ಕು ನನಗೆ. ಹಳೆಯದರ ಒಳಗೆ ಒಂದಿಷ್ಟು ಕಡತಗಳು ಕಂಡವು. ಒಂದನ್ನು ಹೊಸ ಸಿಸ್ಟಮಿನಿಂದಲೇ ತೆರೆದೆ. ಅರ್ಥವಿಲ್ಲದ ಕಸ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೆರೆ, ಚುಕ್ಕಿ, ನಡುವೆ ಪೌಂಡಿನ ಗುರುತು, ಪುಟಗಟ್ಟಲೆ ಅದೇ. ಆ ಕಾಲದ ಕನ್ನಡ ಅದನ್ನು ಟೈಪು ಮಾಡಿದ ತಂತ್ರಾಂಶ ಇದ್ದಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ, ಬೇರೆ ಕಡೆ ತೆರೆದರೆ ಹೀಗೇ ಕಾಣುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಕಾಲೇಜಿನ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಎಷ್ಟೋ ಸಲ ನೋಡಿದ್ದೆ, ಹುಡುಗರಿಗೆ ತಿಳಿಸಿ ಹೇಳಿದ್ದೆ. ಆದರೆ ಆ ದಿನ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು. ವಯಸ್ಸಾದ ಹೆಂಗಸು, ಸಿಕ್ಕದ್ದನ್ನೆಲ್ಲ ಒತ್ತಿ ವೈರಸ್ ತುಂಬಿಸಿಕೊಂಡಿದ್ದಾರೆ.

ಆದರೂ ಫೋನು ಮಾಡಿದೆ. ಅವರು ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿದ್ದರು, ಹಿಂದೆ ಕಂಡಕ್ಟರನ ಕೂಗು ಕೇಳುತ್ತಿತ್ತು.

"ಬಾಯಾರ, ಹಳೇದನ್ನ ತಗದ ಹಾಕ್ತೇನ್ರಿ. ಜಾಗಾ ಆಗ್ತೈತಿ, ಜೋರ ಓಡ್ತೈತಿ."

"ನನ್ನ ಪಟ್ಟಿಗೆ ಏನೂ ಆಗೂದಿಲ್ಲಲಾ?"

ಹೊಸದರ ಕಡೆ 'ಪಟ್ಟಿ' ಎಂಬ ಹೆಸರಿನ ಒಂದು ಫೋಲ್ಡರು ಕಾಣುತ್ತಿತ್ತು. ಅದನ್ನು ತೆರೆದು ನೋಡಲು ಎರಡು ಸಲ ಒತ್ತಿದರೆ ಸಾಕಿತ್ತು.

"ಏನೂ ಆಗೂದಿಲ್ಲರಿ. ಪಟ್ಟಿ ಇಲ್ಲೇ ಐತಿ, ನಾ ನೋಡಾಕತ್ತೇನಲ್ಲ" ಎಂದೆ.

"ನೀ ಅಂದಮ್ಯಾಲೆ ಮುಗೀತಪಾ. ಮಾಡು."

ಮಾಡಿದೆ. ಖಾತ್ರಿಯೇ ಎಂದು ಕಂಪ್ಯೂಟರು ಒಮ್ಮೆ ಕೇಳಿತು, ಹೌದು ಎಂದು ಒತ್ತಿದೆ. ಹಳೆಯ ಪಾಲು ಹೋಯಿತು. ಮತ್ತೆ ಶುರು ಮಾಡಿದರೆ ಪರದೆ ಕಪ್ಪಗೆ ನಿಂತಿತು. ಮಷಿನನ್ನು ಎಬ್ಬಿಸುವ ಕಡತ ಇದ್ದದ್ದೇ ಆ ಹಳೆಯ ಪಾಲಿನಲ್ಲಿ. ನಮ್ಮ ಕೆಲಸದ ಮೊದಲ ಪಾಠ ಅದು, ಅದನ್ನೂ ನೋಡಿರಲಿಲ್ಲ. ಅಲ್ಲಿಗೇ ಕೈ ತೆಗೆದಿದ್ದರೆ ಎಲ್ಲವನ್ನೂ ವಾಪಸು ತರಬಹುದಿತ್ತು, ಯಾಕೆಂದರೆ ಪಾಲು ತೆಗೆದರೂ ಒಳಗಿನದು ಕೂಡಲೇ ಅಳಿಯುವುದಿಲ್ಲ. ಆದರೆ ಅವರು ಬರುವುದರೊಳಗೆ ನನ್ನ ಮಾನ ಉಳಿಯಬೇಕಿತ್ತು. ಫೋಟೋ, ಪತ್ರಗಳನ್ನು ಹೇಗೋ ಹೊರಗೆ ತೆಗೆದು, ಇಡೀ ಡಿಸ್ಕಿನ ಮೇಲೆ ಹೊಸ ಸಿಸ್ಟಮನ್ನು ಮೊದಲಿನಿಂದ ಹಾಕಿ ಕೂತೆ. ಮೂವತ್ತು ಚಿಲ್ಲರೆ ವರ್ಷದ ಮೇಲೆ ನಾನೇ ಕೈಯಾರೆ ಸಾರಿಸಿದೆ.

ಸಂಜೆಯ ಹೊತ್ತಿಗೆ ಅವರು ಬಂದರು. ಖಾರದ ಮಂಡಕ್ಕಿ, ಭಡಂಗದ ಪೊಟ್ಟಣ ನನ್ನ ಮುಂದಿಟ್ಟು ಕಂಪ್ಯೂಟರು ಹಚ್ಚಿದರು. ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಎದ್ದಿತು. "ಅಯ್ಯ, ಎಷ್ಟ ಸಲೀಸ ಆತು!" ಎಂದು ಖುಷಿಪಟ್ಟರು. ಆಮೇಲೆ ಪರದೆಯ ಹತ್ತಿರ ಮುಖ ತಂದು ನೋಡಿದರು.

"ಯಾವುದು ಬೇಕಂತ ಕೇಳಲೇ ಇಲ್ಲಲೋ ಇದು."

"ಈಗ ಕೇಳೂದಿಲ್ಲರಿ. ಒಂದ ಐತಿ."

"ಮತ್ತ ಪಟ್ಟಿ?"

ನಾನು ಆಗಲೇ 'ಪಟ್ಟಿ' ಫೋಲ್ಡರನ್ನು ತೆರೆದು ನೋಡಿ ಆಗಿತ್ತು. ಅದರಲ್ಲಿ ಇದ್ದದ್ದು ಮನೆ ಸಾಮಾನಿನ ಪಟ್ಟಿ. ತೊಗರಿಬೇಳೆ, ಸಾಬೂನು, ಬೆಂಕಿಪೊಟ್ಟಣ. ನನ್ನ ಬಾಯಿಂದ ಬಂದ ಮಾತು ಇದು: "ಪಟ್ಟಿ ನನ್ನ ಕಡೆ ತಗದ ಇಟ್ಟೇನ್ರಿ. ನಾಳೆ ಪೆನ್‌ಡ್ರೈವಿನ್ಯಾಗ ತರ್ತೇನಿ."

ಆ ನಾಳೆಯನ್ನು ಒಂಬತ್ತು ದಿನ ಎಳೆದೆ. ಕಾಲೇಜಿನಲ್ಲಿ ಕೆಲಸವಿದೆ ಎಂದೆ, ಜ್ವರ ಎಂದೆ. ಇನ್ನೊಂದಿಷ್ಟು ರಿಪೇರಿ ಇದೆ ಎಂದು ಹೇಳಿ ಅವರ ಡಿಸ್ಕನ್ನು ಬಿಚ್ಚಿಕೊಂಡು ಹೋಗಿ, ಅಳಿದದ್ದನ್ನು ಹುಡುಕಿಕೊಡುವ ಒಬ್ಬನಿಗೆ ಕೊಟ್ಟೆ. ಬಾಯಿಯವರು ದಿನಾ ಫೋನು ಮಾಡುತ್ತಿದ್ದರು. "ಅವಸರ ಮಾಡಪಾ. ಸಾಹೇಬರು ಹಾಳಿ ತರ್ರಿ ಅಂದಾರ. ಸಾಲಿ ದಾಖಲೆ ಸುಳ್ಳು ಅನ್ನಾಕ ಕೈಯಾಗ ಏನರ ಬೇಕಲ್ರಿ ಅಂತಾರ." ನಾನು ಹೂಂ ಎನ್ನುತ್ತಿದ್ದೆ. ಒಂಬತ್ತನೆಯ ದಿನ ಆ ಮನುಷ್ಯ ಡಿಸ್ಕು ವಾಪಸು ಕೊಟ್ಟು, "ಏನೂ ಉಳದಿಲ್ಲರಿ. ಮ್ಯಾಲೆ ಹೊಸಾದು ಯಾರ ಹಾಕಿದ್ರರಿ? ಹಾಕಬಾರದಿತ್ತು" ಎಂದ. ಯಾರು ಹಾಕಿದರೆಂದು ನಾನು ಹೇಳಲಿಲ್ಲ.

ಹೋಗಿ ಹೇಳಿದೆ. ಅವರು ಅಡುಗೆಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಲಿಲ್ಲ. ಮೊರದಲ್ಲಿದ್ದ ಅಕ್ಕಿ ಮುಗಿಯುವ ತನಕ ಆರಿಸಿದರು. ಬೈದಿದ್ದರೆ, ಎದ್ದು ಬಂದು ಎರಡು ಬಡಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಹೋಗಿದ್ದು ಅವತ್ತ ಹೇಳಿದ್ರ ಡಾಕ್ಟರ ಕಡೆ ವಯಸ್ಸು ನೋಡಸ್ತಿದ್ದೆ ಆ ಹುಡುಗೀದು. ಹದಿನೈದ ದಿನಾ ಇದ್ದೂ. ಒಂಬತ್ತ ನೀ ತಿಂದಿ" ಎಂದರು. ದನಿ ಏರಲಿಲ್ಲ.

ಪಿನ್ನು ಬಿಚ್ಚಿ ಗಡಿಯಾರ ತೆಗೆದು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಮುಚ್ಚಿದರು. ಅದನ್ನು ಮತ್ತೆ ಅವರು ಹಾಕಿಕೊಳ್ಳಲಿಲ್ಲ.

ಆ ಹೊತ್ತಿನಿಂದಲೇ ಓಡಾಡಿದರು. ಖಾನಾಪುರದ ಕಚೇರಿಯಲ್ಲಿ ಸಾಹೇಬರ ಮುಂದೆ ನಿಂತು ತಮ್ಮ ನೆನಪಿನಿಂದಲೇ ಹೇಳಿದರು. ಸಾಹೇಬರು ಕೆಟ್ಟವರಲ್ಲ, ಕುರ್ಚಿ ಕೊಟ್ಟು ಕೂರಿಸಿದರು. "ಬಾಯಾರ, ನಿಮ್ಮ ಮಾತು ಖರೇ ಇರಬಹುದು. ಬಾಯಿಮಾತಿನ ಮ್ಯಾಲೆ ನಾ ಹೆಂಗ ನಿಲ್ಲಸಲಿ? ಡಾಕ್ಟರ ತಪಾಸಣಿಗೆ ಬರೀತೇನಿ, ಎಂಟ ದಿನಾ ಹಿಡೀತೈತಿ" ಎಂದರು. ಅಲ್ಲಿಂದ ಜಾಂಬೋಟಿಗೆ, ಜಾಂಬೋಟಿಯಿಂದ ನಡೆದು ವಾಡಾಕ್ಕೆ. ಹಿಂದಿನಿಂದ ನಾನೂ ಹೋದೆ. ಹುಡುಗಿಯ ಅಪ್ಪ ಹುಟ್ಟಿದ್ದೂ ಇವರ ಕೈಯಲ್ಲೇ. ಅವನು ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿ, ಮಜ್ಜಿಗೆ ಕೊಟ್ಟು, "ಕಾಗದ ತೋರಸ್ರಿ ಬಾಯಾರ, ನಾಳೇನ ಮುರೀತೇನಿ" ಎಂದ. ಪಟ್ಟಿ ಹೋದ ಸುದ್ದಿ ಅವನಿಗೆ ಮುಟ್ಟಿತ್ತು. ಹುಡುಗಿ ಬಾಗಿಲಲ್ಲಿ ನಿಂತು ಬಾಯಿಯವರನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ಹೇಳಿದ ದಿನಕ್ಕೆ, ಗೋವೆಯ ಗಡಿ ಆಚೆ ಗಂಡಿನವರ ಮನೆಯಲ್ಲಿ ಮದುವೆಯಾಯಿತು. ಡಾಕ್ಟರ ತಪಾಸಣೆಗೆ ಕರೆದ ಕಾಗದ ಅದಾದ ಎರಡು ದಿನಕ್ಕೆ ಬಂತು.

ಆಮೇಲೂ ನಾನು ಟಿಳಕವಾಡಿಗೆ ಹೋಗುತ್ತಿದ್ದೆ. ಅವರು ಬರಬೇಡ ಎನ್ನಲಿಲ್ಲ, ಚಹಾ ಮಾಡಿಕೊಡುತ್ತಿದ್ದರು. ಹಾಳೆ ಕೇಳಿಕೊಂಡು ಬರುವವರು ಬರುತ್ತಲೇ ಇದ್ದರು. ಇಲ್ಲ ಎಂದು ಅವರು ಹೇಳುವಾಗ ನಾನು ಅಲ್ಲೇ ಕೂತಿರಬೇಕಾಗುತ್ತಿತ್ತು, ಅದು ಅವರಿಗೆ ಬೇಕಾಗಿತ್ತೋ ಏನೋ. "ಹುಳಾ ತಿಂದೂಪಾ" ಎಂದಷ್ಟೇ ಹೇಳಿ ಕಳಿಸುತ್ತಿದ್ದರು. ನನ್ನ ಹೆಸರು ಒಮ್ಮೆಯೂ ಹೇಳಲಿಲ್ಲ. ಒಂದು ಸಲ ಧೈರ್ಯ ಮಾಡಿ ಕೇಳಿದೆ, ನನ್ನ ತಾರೀಖು ನೆನಪಿದೆಯೇ ಎಂದು. ಬೆರಳು ಮಡಿಚಿ ಏನೋ ಎಣಿಸಿದರು. "ಮಳಿ ಭಾಳ ಇತ್ತು. ನೀ ಅಳಲಿಲ್ಲ, ಬೆನ್ನಿಗೆ ಎರಡ ಬಡದೆ... ಇಲ್ಲ, ಅದು ನಿಮ್ಮಣ್ಣ ಇರಬೇಕು." ಆಮೇಲೆ ಮೆಲ್ಲಗೆ, "ನೆನಪ ಇಟ್ಕೋಬಾರದಂತನ ಬರದ ಇಟ್ಟಿದ್ದೆಪಾ" ಎಂದರು.

ಈ ವರ್ಷ ಮಳೆ ಹಿಡಿದಾಗ ಅವರಿಗೆ ಉಬ್ಬಸ ಹೆಚ್ಚಾಯಿತು. ಆಸ್ಪತ್ರೆಗೆ ಸೇರಿಸಿದ್ದು ನಾನು. ಒಂದು ದಿನ ಆ ಡಬ್ಬಿ ತರಲು ಹೇಳಿ, ಗಡಿಯಾರ ತೆಗೆದು ನನ್ನ ಕೈಗಿಟ್ಟರು. "ಸೆಲ್ ಹಾಕಿಸ್ಕೊಂಡ ಬಾ." ಹಾಕಿಸಿ ತಂದಾಗ ಅವರಿಗೆ ಎಚ್ಚರ ಇರಲಿಲ್ಲ. ಅದನ್ನು ನನ್ನ ಅಂಗಿಯ ಜೇಬಿಗೆ ಪಿನ್ನಿನಿಂದ ಸಿಕ್ಕಿಸಿಕೊಂಡು ಹಾಸಿಗೆಯ ಪಕ್ಕ ಕೂತೆ. ಮಾರನೆಯ ಮಧ್ಯಾಹ್ನ ಉಸಿರು ನಿಂತಿತು. ನಾನು ಮೊದಲು ಗದ್ದ ಇಳಿಸಿ ಗಡಿಯಾರ ನೋಡಿದೆ, ಮೂರು ಗಂಟೆ ಹನ್ನೊಂದು ನಿಮಿಷ. ಆಮೇಲೆ ಅವರ ಮುಖ ನೋಡಿದೆ.

ಆಸ್ಪತ್ರೆಯ ಗುಮಾಸ್ತ ಫಾರ್ಮು ಮುಂದಿಟ್ಟ. "ಹುಟ್ಟಿದ ತಾರೀಖು ಹೇಳ್ರಿ." ಅವರ ಆಧಾರ್ ಕಾರ್ಡು ತೆಗೆದು ನೋಡಿದೆ. ಜೂನ್ ಒಂದು. ಮೇ ಮೂವತ್ತೊಂದಕ್ಕೆ ನಿವೃತ್ತರಾದರೆಂದು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು, ತಿಂಗಳ ಒಂದನೇ ತಾರೀಖಿಗೆ ಹುಟ್ಟಿದವರನ್ನು ಸರಕಾರ ಅದರ ಹಿಂದಿನ ದಿನವೇ ಮನೆಗೆ ಕಳಿಸುತ್ತದೆ. ಎಷ್ಟೋ ಸಾವಿರ ಜನರ ಗಂಟೆ ನಿಮಿಷ ಬರೆದಿಟ್ಟವರಿಗೆ ತಮ್ಮದು ಯಾರೂ ಬರೆದಿಟ್ಟಿರಲಿಲ್ಲ. ಗುಮಾಸ್ತ ಕಾರ್ಡು ನೋಡಿ, "ನಂದೂ ಇದ ತಾರೀಖ್ರಿ" ಎಂದು ನಕ್ಕ.

ಹುಟ್ಟಿದ ದಿನದ ಮುಂದೆ ಜೂನ್ ಒಂದು ಎಂದು ಬರೆದೆ. ಸತ್ತ ವೇಳೆಯ ಮುಂದೆ ಮೂರು ಗಂಟೆ ಹನ್ನೊಂದು ನಿಮಿಷ ಎಂದು ಬರೆದೆ. ಅವರ ಆ ಕಾಗದದಲ್ಲಿ ಖರೇ ಇದ್ದದ್ದು ಅದೊಂದೇ.